ಕಟ್ಟೆಯ ಹಿಂದಿನ ಕೆಸರು

ಬೀವರ್ ಅಂದರೆ ನಮ್ಮ ಹೊಳೆಗಳಲ್ಲಿ ಕಾಣುವ ನೀರುನಾಯಿಯಲ್ಲ. ನೀರುನಾಯಿ ಮೀನು ಹಿಡಿದು ತಿನ್ನುತ್ತದೆ. ಬೀವರ್ ಇಲಿ, ಅಳಿಲುಗಳ ಬಳಗದ್ದು, ಸೊಪ್ಪು ತೊಗಟೆಯೇ ಅದರ ಊಟ. ಭಾರತದಲ್ಲಿ ಅದು ಇಲ್ಲ. ಉಳಿಯಂಥ ಹಲ್ಲಿನಿಂದ ಮರ ಕಡಿದು, ಕೊಂಬೆ, ಕಲ್ಲು, ಕೆಸರು ಸೇರಿಸಿ ತೊರೆಗೆ ಅಡ್ಡಲಾಗಿ ಕಟ್ಟೆ ಹಾಕುವುದು ಅದರ ಕಸುಬು. ಹಿಂದೆ ನಿಂತ ಮಡುವಿನಲ್ಲಿ ಅದರ ಗೂಡು. ಗೂಡಿನ ಬಾಗಿಲು ನೀರಿನಡಿಯಲ್ಲಿರುವುದರಿಂದ ತೋಳದ ಕಾಟವಿಲ್ಲ.

ಯುರೋಪಿನ ಸಿರಿವಂತರ ಟೋಪಿಗೆ ಅದರ ತುಪ್ಪಳ ಬೇಕಾಯಿತು. ಬಿಳಿಯರು ಕಾಲಿಡುವ ಮುಂಚೆ ಉತ್ತರ ಅಮೆರಿಕದಲ್ಲಿ ಕಡಿಮೆಯೆಂದರೂ 6 ಕೋಟಿ ಬೀವರ್‌ಗಳಿದ್ದವೆಂಬ ಅಂದಾಜಿದೆ. ತುಪ್ಪಳದ ಬೇಟೆ ಅವನ್ನು ಬಹುಪಾಲು ಅಳಿಸಿಹಾಕಿತು. ಯುರೋಪ್, ಏಷ್ಯಾದಲ್ಲಿರುವ ಇನ್ನೊಂದು ಜಾತಿಯ ಬೀವರ್ ಎರಡೂ ಖಂಡ ಸೇರಿ 1900ರ ಹೊತ್ತಿಗೆ ಉಳಿದದ್ದು ಸುಮಾರು 1,200. ಕಟ್ಟುವವರು ಹೋದ ಮೇಲೆ ಕಟ್ಟೆಗಳು ಒಡೆದವು. ತಡೆಯಿಲ್ಲದ ನೀರು ಓಟ ಹಿಡಿದು ತಳವನ್ನು ಕೊರೆಯಿತು. ತೊರೆ ಕೊರಕಲಿಗಿಳಿದಂತೆ ಅಕ್ಕಪಕ್ಕದ ಬಯಲಿನ ಅಂತರ್ಜಲವೂ ಇಳಿಯಿತು. ಇಂಗಾಲದ ಕಥೆ ಶುರುವಾಗುವುದು ಆ ಒಣಗಿದ ಬಯಲಿನಲ್ಲಿ.

ಎಣ್ಣೆಯಲ್ಲಿ ಮುಳುಗಿದ ಉಪ್ಪಿನಕಾಯಿಯ ಹೋಳು ವರ್ಷಗಟ್ಟಲೆ ಕೆಡುವುದಿಲ್ಲ, ಮೇಲೆ ಗಾಳಿಗೆ ತೆರೆದುಕೊಂಡ ಹೋಳಿಗೆ ಬೂಷ್ಟು ಬರುತ್ತದೆ. ನೀರು ಕುಡಿದು ನಿಂತ ಮಣ್ಣಿನಲ್ಲಿ ಎಲೆ, ಬೇರು, ಕೊಂಬೆಗಳ ಗತಿಯೂ ಹೀಗೆಯೇ. ಗಾಳಿಯಾಡದ ಕಡೆ ಕೊಳೆಯುವುದು ಬಹಳ ನಿಧಾನ. ನೀರು ಇಳಿದು ಗಾಳಿ ನುಗ್ಗಿತೋ, ಸೂಕ್ಷ್ಮಜೀವಿಗಳು ನೂರಾರು ವರ್ಷದ ದಾಸ್ತಾನನ್ನು ತಿಂದು ಇಂಗಾಲದ ಡೈಆಕ್ಸೈಡ್ ಮಾಡಿ ಬಿಡುತ್ತವೆ.

ಈ ದಾಸ್ತಾನನ್ನು ಅಳೆದವರಲ್ಲಿ ಕೊಲರಾಡೊ ರಾಜ್ಯ ವಿಶ್ವವಿದ್ಯಾಲಯದ ಎಲೆನ್ ವೋಲ್ ಮುಖ್ಯರು. ರಾಕಿ ಪರ್ವತದ ರಾಷ್ಟ್ರೀಯ ಉದ್ಯಾನದಲ್ಲಿ ಅವರು ನಡೆಸಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಬೀವರ್‌ಗಳಿರುವ ಒದ್ದೆ ಹುಲ್ಲುಗಾವಲಿನ ಮಣ್ಣಿನಲ್ಲಿ ಸರಾಸರಿ ಶೇ 12ರಷ್ಟು ಸಾವಯವ ಇಂಗಾಲ; ಅವು ಬಿಟ್ಟುಹೋಗಿ ಒಣಗಿದ ಕಡೆ ಶೇ 3.3. ಬಹುಪಾಲು ಹುಲ್ಲುಗಾವಲುಗಳು ಒದ್ದೆಯಾಗಿದ್ದ ಕಾಲದಲ್ಲಿ ಆ ಪ್ರದೇಶದ ಒಟ್ಟು ಇಂಗಾಲದಲ್ಲಿ ಸುಮಾರು ಶೇ 23 ಅಲ್ಲಿಯೇ ಇದ್ದಿರಬೇಕು, ಈಗ ಸುಮಾರು ಶೇ 8 ಎಂಬುದು ಅವರ ಲೆಕ್ಕ. ಕಣಿವೆಯ ತಳದ ಆ ಪಟ್ಟಿಗಳು ನೆಲದ ಅಳತೆಯಲ್ಲಿ ತೀರಾ ಕಿರಿದು ಎಂಬುದನ್ನು ನೆನೆದರೆ ಈ ಅಂಕಿಯ ತೂಕ ತಿಳಿಯುತ್ತದೆ.

ಬೀವರ್ ಇಲ್ಲದಿದ್ದರೆ ಮನುಷ್ಯರೇ ಅದರ ಕೆಲಸ ಮಾಡಬಾರದೇಕೆ? ಪೂರ್ವ ಆರೆಗಾನ್‌ನ ಬ್ರಿಡ್ಜ್ ಕ್ರೀಕ್ ಎಂಬ ಕೊರಕಲು ತೊರೆಯಲ್ಲಿ 2009ರಿಂದ ನಡೆದದ್ದು ಇದೇ. ಕೆಲಸ ಸರಳ. ಮೊನೆ ಮಾಡಿದ ಮರದ ಗೂಟಗಳನ್ನು ಮೊಳಕ್ಕೊಂದರಂತೆ ತೊರೆಗೆ ಅಡ್ಡಲಾಗಿ ಹೊಡೆಯಬೇಕು. ನಡುವೆ ವಿಲೋ ಕೊಂಬೆಗಳನ್ನು ತಡಿಕೆಯಂತೆ ಹೆಣೆಯಬೇಕು. ಮೇಲ್ಗಡೆಯ ಸಂದಿಗೆ ಕೆಸರು, ಕಲ್ಲು, ಹುಲ್ಲಿನ ಹೆಂಟೆ ಮೆತ್ತಬೇಕು. ದಕ್ಷಿಣ ಕನ್ನಡದ ಅಡಿಕೆ ತೋಟದವರು ಮಳೆಗಾಲ ಮುಗಿದೊಡನೆ ತೋಡಿಗೆ ಹಾಕುವ ಕಟ್ಟ ಕಂಡವರಿಗೆ ಇದು ಹೊಸದೆನಿಸದು. ಇದು ಸೋರಬೇಕು, ದೊಡ್ಡ ನೆರೆಗೆ ಒಡೆದರೂ ಚಿಂತೆಯಿಲ್ಲ ಎಂಬ ಎಣಿಕೆಯಲ್ಲೇ ಕಟ್ಟುತ್ತಾರೆ. ಸಿಮೆಂಟಿನ ಎಂಜಿನಿಯರುಗಳಿಗೆ ಇದನ್ನು ಒಪ್ಪಿಸುವುದು ಕಷ್ಟವಾಗಿದ್ದಿರಬೇಕು! ಬ್ರಿಡ್ಜ್ ಕ್ರೀಕ್‌ನಲ್ಲಿ ಇಂಥ 121 ಕಟ್ಟೆಗಳೆದ್ದವು. ಅಳಿದುಳಿದ ಬೀವರ್‌ಗಳು ಬಂದು ಅವನ್ನು ರಿಪೇರಿ ಮಾಡಿ, ತಮ್ಮದೂ ಸೇರಿಸಿದವು. ಅಂತರ್ಜಲ ಏರಿತು. ಸ್ಟೀಲ್‌ಹೆಡ್ ಮೀನಿನ ಮರಿಗಳು ಬದುಕುಳಿಯುವ ಪ್ರಮಾಣ ಶೇ 52ರಷ್ಟು ಹೆಚ್ಚಿದ್ದು 2016ರಲ್ಲಿ ವರದಿಯಾಯಿತು.

ಇಷ್ಟಕ್ಕೇ ನಿಲ್ಲಿಸಿದರೆ ಅರ್ಧ ಸತ್ಯ. ಹಳೆಯ ಮಡುವೊಂದರ ತಳಕ್ಕೆ ಕೋಲು ಚುಚ್ಚಿದರೆ ಗುಳುಗುಳು ಗುಳ್ಳೆಗಳು ಏಳುತ್ತವೆ. ಗೋಬರ್ ಗ್ಯಾಸ್ ತೊಟ್ಟಿಯಲ್ಲಿ ಹುಟ್ಟುವ ಮೀಥೇನೇ ಅದು, ಹುಟ್ಟುವ ಬಗೆಯೂ ಅದೇ. ಗಾಳಿಯಿಲ್ಲದ ಕೆಸರು ಇಂಗಾಲವನ್ನು ಕಾಪಾಡುವಾಗಲೇ ಅದರ ಒಂದು ಪಾಲನ್ನು ಮೀಥೇನ್ ಮಾಡಿ ಕಳಿಸುತ್ತದೆ. 100 ವರ್ಷದ ಲೆಕ್ಕದಲ್ಲಿ ಮೀಥೇನ್‌ನ ಬಿಸಿ ಹಿಡಿಯುವ ಶಕ್ತಿ ಇಂಗಾಲದ ಡೈಆಕ್ಸೈಡ್‌ನ ಸುಮಾರು 28 ಪಟ್ಟು. ಅಳೆಯುವುದೂ ಸುಲಭವಲ್ಲ: ನೀರಿನ ಮೇಲೆ ಮುಚ್ಚಳದಂಥ ಪೆಟ್ಟಿಗೆ ತೇಲಿಬಿಟ್ಟು ಕಾಯುತ್ತಾರೆ, ವಾಯುಭಾರ ಇಳಿದಾಗ ಗುಳ್ಳೆಗಳು ಗುಂಪಾಗಿ ಏಳುತ್ತವೆ, ಆ ಹೊತ್ತಿಗೆ ಪೆಟ್ಟಿಗೆ ಅಲ್ಲಿರದಿದ್ದರೆ ಲೆಕ್ಕ ತಪ್ಪಿತು.

2015ರ ಒಂದು ಅಂದಾಜಿನಂತೆ ಜಗತ್ತಿನ ಬೀವರ್ ಮಡುಗಳು ವರ್ಷಕ್ಕೆ 1.8 ಲಕ್ಷದಿಂದ 8 ಲಕ್ಷ ಟನ್ ಮೀಥೇನ್ ಬಿಡುತ್ತವೆ. 1900ಕ್ಕೆ ಹೋಲಿಸಿದರೆ ಇದು ಸುಮಾರು 200 ಪಟ್ಟು. ಹೆದರಬೇಕಿಲ್ಲ: 1900ರಲ್ಲಿ ಬೀವರ್‌ಗಳೇ ಇರಲಿಲ್ಲವೆಂಬಷ್ಟು ಕಡಿಮೆ, ಮತ್ತು ಜಗತ್ತಿನ ಒಟ್ಟು ಮೀಥೇನ್‌ನಲ್ಲಿ ಈ ಪಾಲು ಸಾವಿರಕ್ಕೆ ಒಂದೆರಡು ಕೂಡ ದಾಟುವುದಿಲ್ಲ. ಅಲಾಸ್ಕದ ಮಾತು ಬೇರೆ. ಅಲ್ಲಿ ಬೀವರ್‌ಗಳು ಉತ್ತರಕ್ಕೆ ಹಬ್ಬುತ್ತಿವೆ. ಅವುಗಳ ಮಡು ಹೆಪ್ಪುಗಟ್ಟಿದ ನೆಲವನ್ನು ಕರಗಿಸುತ್ತದೆ, ಹೊಸ ಮಡುಗಳ ಸುತ್ತ ಮೀಥೇನ್ ಹೆಚ್ಚಿರುವುದನ್ನು ವಿಮಾನದಿಂದಲೇ ಗುರುತಿಸಿದ್ದಾರೆ.

ಹಾಗಾದರೆ ಲಾಭವೋ ನಷ್ಟವೋ? ನನಗೆ ತೋರುವಂತೆ ಉತ್ತರವಿರುವುದು ನೀರು ಎಷ್ಟು ಆಳಕ್ಕೆ, ಎಷ್ಟು ವರ್ಷ ನಿಂತಿದೆ ಎಂಬುದರಲ್ಲಿ. ಹಸಿ ಹುಲ್ಲನ್ನು ಮುಳುಗಿಸಿದ ಹೊಸ ಮಡು ಮೊದಲಿಗೆ ಹೆಚ್ಚು ಅನಿಲ ಬಿಡುತ್ತದೆ. ಕಾಲ ಕಳೆದು ಹೂಳು ತುಂಬಿ, ಮೇಲೆ ಜೊಂಡು, ವಿಲೋ ಬೆಳೆದು, ನೀರು ಮಣ್ಣಿನ ಮೇಲ್ಮೈಗಿಂತ ತುಸು ಕೆಳಗೆ ನಿಂತಾಗ ಚಿತ್ರ ಬದಲಾಗುತ್ತದೆ. ತೆಳುವಾದ ಆ ಗಾಳಿಯಾಡುವ ಪದರದಲ್ಲಿ ಮೀಥೇನನ್ನೇ ತಿನ್ನುವ ಬ್ಯಾಕ್ಟೀರಿಯಾಗಳಿವೆ. ಕೆಳಗಿನ ದಾಸ್ತಾನು ಮಾತ್ರ ಮುಳುಗಿಯೇ ಇರುತ್ತದೆ. ಮೇಲೆ ಹೋದ ಮೀಥೇನ್ ಹತ್ತು ಹನ್ನೆರಡು ವರ್ಷಕ್ಕೆ ಕರಗಿಹೋಗುತ್ತದೆ, ಕೆಸರಿನ ಇಂಗಾಲ ಶತಮಾನಗಟ್ಟಲೆ ಕೂತಿರಬಲ್ಲದು. ಆದ್ದರಿಂದ ಮೂರು ವರ್ಷದ ಕಟ್ಟೆ ತೋರಿಸಿ ಕಾರ್ಬನ್ ಕ್ರೆಡಿಟ್ ಮಾರಲು ಹೊರಟವರನ್ನು ನಂಬುವ ಮುಂಚೆ ಮೀಥೇನ್ ಅಳೆದಿರಾ ಎಂದು ಕೇಳಬೇಕು.

ಲೆಕ್ಕದ ಪುಸ್ತಕದಲ್ಲಿ ಸಾಮಾನ್ಯವಾಗಿ ಸೇರದ ಒಂದು ಬಾಬ್ತೂ ಇದೆ. ಪಶ್ಚಿಮ ಅಮೆರಿಕದ 5 ದೊಡ್ಡ ಕಾಡ್ಗಿಚ್ಚುಗಳ ಉಪಗ್ರಹ ಚಿತ್ರಗಳನ್ನು ಸಂಶೋಧಕಿ ಎಮಿಲಿ ಫೇರ್‌ಫ್ಯಾಕ್ಸ್ ಮತ್ತು ಅವರ ಸಹಲೇಖಕರು ಪರಿಶೀಲಿಸಿ 2020ರಲ್ಲಿ ವರದಿ ಮಾಡಿದರು. ಬೀವರ್ ಇಲ್ಲದ ತೊರೆಗಳ ದಂಡೆಯಲ್ಲಿ ಹಸಿರು ಕಳೆದದ್ದು ಬೀವರ್ ಇದ್ದ ದಂಡೆಗಿಂತ ಮೂರು ಪಟ್ಟು ಹೆಚ್ಚು. ಸುಟ್ಟು ಕರಿಯಾದ ಗುಡ್ಡಗಳ ನಡುವೆ ಕಟ್ಟೆಗಳ ಸಾಲಿನುದ್ದಕ್ಕೂ ಒದ್ದೆ ಕೆಸರಿನ ಮೇಲೆ ಹುಲ್ಲು ಹಾಗೇ ನಿಂತಿತ್ತು.