ಗಡಿಯಾಚೆಯ ಟ್ರ್ಯಾಕ್ಟರು, ಗಡಿಯೀಚೆಯ ಲೆಕ್ಕ

ಹೊಟ್ಟೆಪಾಡಿಗಾಗಿ ಹೈದರಾಬಾದಿಗೆ ಬಂದು ನೆಲೆಸಿದ ನಮ್ಮಂಥವರ ಒಂದು ಕಾಲು ಯಾವಾಗಲೂ ಊರ ಹೊಲದಲ್ಲಿಯೇ ಇರುತ್ತದೆ. ಮುಂಗಾರು ತಡವಾದರೆ ಇಲ್ಲಿ ಕಚೇರಿಯಲ್ಲಿ ಕಡತ ಬಿಡಿಸಿ ಕುಳಿತವನಿಗೆ ಚಿಂತೆ. ತೊಗರಿಯ ಧಾರಣೆ ಏರಿದರೆ ಇಲ್ಲಿಯವನಿಗೆ ಸಂತೋಷ. ಊರಿನವರಿಗೂ ನಮ್ಮ ಮೇಲೆ ಒಂದು ನಂಬಿಕೆಯುಂಟು. ಪಟ್ಟಣದಲ್ಲಿರುವ ತಮ್ಮ ಎಂದರೆ ಸಕಲ ಸಾಮಾನುಗಳ ಬೆಲೆಯನ್ನೂ ಬಲ್ಲವನೆಂದು ಅವರ ಎಣಿಕೆ. ಈ ನಂಬಿಕೆಯಿಂದ ನನಗೊದಗಿದ ಒಂದು ಪ್ರಸಂಗವನ್ನು, ಅದರಿಂದ ಕಲಿತ ಪಾಠವನ್ನು, ವಾಚಕರ ಮುಂದಿಡುತ್ತಿದ್ದೇನೆ. ನಮ್ಮ ಸಂಘದ ಅನೇಕ ಮನೆತನಗಳಿಗೆ ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳಲ್ಲಿ ಇಂದಿಗೂ ಜಮೀನುಂಟು. ಆದ್ದರಿಂದ ಇದು ನನ್ನೊಬ್ಬನ ಕಥೆಯಲ್ಲವೆಂದು ಭಾವಿಸಿದ್ದೇನೆ.

2025ರ ಆಗಸ್ಟಿನ ಕೊನೆಗೆ ಭಾಲ್ಕಿ ತಾಲೂಕಿನ ನಮ್ಮೂರಿಂದ ಅಣ್ಣನ ಫೋನು ಬಂದಿತು.

"ತಮ್ಮಾ, ಈ ಸಲ ಟ್ರ್ಯಾಕ್ಟರ್ ತಗೊಳ್ಳೋದೇ ಖರೆ. ಬಾಡಿಗಿ ಕೊಟ್ಟು ಕೊಟ್ಟು ಸಾಕಾಗ್ಯದ. ಇಲ್ಲಿ ಬೀದರ ಕಡಿ ಏಳು ಲಕ್ಷ ಅರವತ್ತೆರಡು ಸಾವಿರ ಅಂತಾರ. ನಿಮ್ಮ ಕಡಿ ಅಗ್ಗ ಅದ ಅಂತ ಎಲ್ಲಾರೂ ಅಂತಾರ. ಸ್ವಲ್ಪ ನೋಡಪಾ."

ನೋಡುತ್ತೇನೆಂದು ಒಪ್ಪಿಕೊಂಡೆ. ಒಪ್ಪಿಕೊಳ್ಳುವಾಗಲೇ ಇನ್ನೊಂದು ಮಾತೂ ಆಗಿಹೋಯಿತು. ಮಗಳ ಹೆಸರಿನಲ್ಲಿಟ್ಟಿದ್ದ ಒಂದು ಲಕ್ಷದ ಠೇವಣಿಯನ್ನು ಬಿಡಿಸಿ ಅಣ್ಣನಿಗೆ ಕೊಡುವುದಾಗಿ ಹೇಳಿದೆ. ನಮ್ಮಾಕೆ ಬೇಡವೆನ್ನಲಿಲ್ಲ. "ಕೊಡ್ರಿ, ಆದರ ನೋಡಿ ಕೊಡ್ರಿ" ಎಂದಳು. ಆ "ನೋಡಿ" ಎಂಬ ಮಾತಿನ ಭಾರ ನನಗೆ ಆಮೇಲೆ ತಿಳಿಯಿತು.

ಹಳೆಯ ನಂಬಿಕೆಯ ಮೂಲ

ಗಡಿ ದಾಟಿದರೆ ಬೆಲೆ ಇಳಿಯುತ್ತದೆಂಬ ಮಾತು ಬರಿಯ ಕಟ್ಟುಕಥೆಯಲ್ಲ. ಹಿಂದೊಮ್ಮೆ ಟ್ರ್ಯಾಕ್ಟರಿನ ಬೆಲೆಯನ್ನು ಸರ್ಕಾರವೇ ಕಟ್ಟುತ್ತಿತ್ತು. 1967ರಲ್ಲಿ ಬಂದ ಆ ನಿಯಂತ್ರಣ 1974ರಲ್ಲಿ ಹೋಯಿತು. ಆ ಕಾಲದಲ್ಲಿ ಯಂತ್ರ ಕಡಿಮೆ, ಬೇಡುವವರು ಹೆಚ್ಚು. ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕು. ಕಾಯಲಾರದವನು ಮೇಲುಹಣ ಕೊಟ್ಟು ಮತ್ತೊಬ್ಬನ ಪಾಳಿಯನ್ನು ಕೊಳ್ಳಬೇಕು. ಕಾಗದದ ಮೇಲೆ ಬೆಲೆ ಒಂದೇ ಇದ್ದರೂ ಕೈಗೆ ಬರುವ ಹೊತ್ತಿಗೆ ಊರಿಗೊಂದು ಬೆಲೆಯಾಗುತ್ತಿತ್ತು.

ತರುವಾಯ ತೆರಿಗೆಯ ಕಾಲ ಬಂದಿತು. 2004ರಲ್ಲಿ ಕೇಂದ್ರ ಸರ್ಕಾರ ಟ್ರ್ಯಾಕ್ಟರಿನ ಮೇಲಿನ ಅಬಕಾರಿ ಸುಂಕವನ್ನು ತೆಗೆದುಹಾಕಿತು. ಆದರೆ ಮಾರಾಟದ ತೆರಿಗೆ ಆಯಾ ರಾಜ್ಯದ ಕೈಯಲ್ಲಿ ಉಳಿಯಿತು. ಒಂದು ರಾಜ್ಯದಲ್ಲಿ ಒಂದು ದರ, ನೆರೆಯದರಲ್ಲಿ ಇನ್ನೊಂದು; ಕೆಲವೆಡೆ ಒಳಗೆ ತರುವುದಕ್ಕೂ ಪ್ರವೇಶ ತೆರಿಗೆ. ಆಗ ಗಡಿಯ ರೈತ ಎರಡೂ ಕಡೆ ವಿಚಾರಿಸಿ ಕೊಂಡನೆಂದರೆ ಅದು ಜಾಣತನವೇ ಸರಿ.

ಆದರೆ 2017ರ ಜುಲೈ 1ರಿಂದ ಜಿ.ಎಸ್.ಟಿ. ಬಂದಿತು. ದೇಶಕ್ಕೆಲ್ಲ ಟ್ರ್ಯಾಕ್ಟರಿನ ಮೇಲೆ ಶೇಕಡಾ 12 ಎಂದು ಒಂದೇ ದರವಾಯಿತು. ಬೀದರಿನಲ್ಲಿ ಕೊಂಡರೂ ಅಷ್ಟೇ, ಸಂಗಾರೆಡ್ಡಿಯಲ್ಲಿ ಕೊಂಡರೂ ಅಷ್ಟೇ. ತೆರಿಗೆ ಒಂದಾಗಿ ಇಷ್ಟು ವರ್ಷವಾದರೂ ಜನರ ಮಾತು ಮಾತ್ರ ಹಾಗೆಯೇ ಉಳಿದಿದೆ. ಈಗ ಎರಡು ಊರುಗಳ ನಡುವೆ ಬೆಲೆಯ ವ್ಯತ್ಯಾಸ ಕಂಡರೆ ಅದು ಮಾರಾಟ ತೆರಿಗೆಯದಲ್ಲ. ಕಂಪನಿಯದು, ಸಾಗಣೆಯದು, ಬಹುಮಟ್ಟಿಗೆ ವ್ಯಾಪಾರಿಯದು.

ಕಾರ್ಖಾನೆ ಬಗಲಲ್ಲಿದ್ದರೇನು?

ಅಣ್ಣನ ವಾದ ಇನ್ನೊಂದಿತ್ತು: "ಜಹೀರಾಬಾದಿನಾಗ ಕಾರ್ಖಾನಿನೇ ಅದಲ್ಲೋ!" ನಿಜ. ಮಹೀಂದ್ರಾ ಕಂಪನಿಯವರ ಟ್ರ್ಯಾಕ್ಟರ್ ಕಾರ್ಖಾನೆ 2013ರಲ್ಲಿ ಜಹೀರಾಬಾದಿನಲ್ಲಿ ಆರಂಭವಾಯಿತು. ಆ ಊರು ಬೀದರಿನಿಂದ ಸುಮಾರು 30 ಕಿಲೋಮೀಟರು. 1956ರ ನವೆಂಬರ 1ರವರೆಗೆ ಜಹೀರಾಬಾದು ಬೀದರ ಜಿಲ್ಲೆಯಲ್ಲಿಯೇ ಇದ್ದಿತೆಂಬುದು ಹಿರಿಯರಿಗೆ ಗೊತ್ತು. ರಾಜ್ಯ ಪುನರ್ವಿಂಗಡಣೆಯಲ್ಲಿ ಬೀದರು ಮೈಸೂರು ರಾಜ್ಯಕ್ಕೆ ಬಂದಿತು, ಜಹೀರಾಬಾದು ಆಂಧ್ರಕ್ಕೆ ಹೋಯಿತು.

ಆದರೆ ಕಾರ್ಖಾನೆಯ ಬಾಗಿಲಲ್ಲಿ ನಿಂತು ರೈತನು ಟ್ರ್ಯಾಕ್ಟರು ಕೊಳ್ಳುವಂತಿಲ್ಲ. ಕಂಪನಿ ವ್ಯಾಪಾರಿಗೆ ಮಾರುತ್ತದೆ, ವ್ಯಾಪಾರಿ ರೈತನಿಗೆ ಮಾರುತ್ತಾನೆ. ಸಾಮಾನ್ಯವಾಗಿ ಕಂಪನಿ ರಾಜ್ಯಕ್ಕೊಂದು ದರಪಟ್ಟಿ ಕೊಡುತ್ತದೆ. ಕೆಲವು ಟ್ರ್ಯಾಕ್ಟರು ಪಂಜಾಬಿನ ಮೊಹಾಲಿ, ಹೋಶಿಯಾರಪುರಗಳಿಂದ, ಕೆಲವು ಪುಣೆಯಿಂದ, ಕೆಲವು ನಮ್ಮ ದೊಡ್ಡಬಳ್ಳಾಪುರದಿಂದ ಬರುತ್ತವೆ. ಲಾರಿಯ ಬಾಡಿಗೆಯಲ್ಲಿ ಹೆಚ್ಚುಕಡಿಮೆಯಾಗುವುದು ಸಹಜ. ಆದರೆ ಕಾರ್ಖಾನೆ ಸಮೀಪವಿದ್ದ ಮಾತ್ರಕ್ಕೆ ರೈತನ ಚೀಟಿಯಲ್ಲಿ ಬೆಲೆ ಇಳಿದೀತೆಂದು ಹೇಳುವಂತಿಲ್ಲ.

ಎರಡು ಚೀಟಿಗಳು

ಒಂದು ಭಾನುವಾರ ಇಮ್ಲಿಬನ್ ನಿಲ್ದಾಣದಿಂದ ಬಸ್ಸು ಹಿಡಿದು ಗಡಿಯ ಈಚೆಯ ಒಬ್ಬ ವ್ಯಾಪಾರಿಯ ಬಳಿಗೆ ಹೋದೆ. ಅಣ್ಣ ಹೇಳಿದ ಮಾದರಿಯದೇ ಯಂತ್ರ, ಅದೇ ಅಶ್ವಶಕ್ತಿ. ಚಹಾ ಬಂದಿತು, ಕುರ್ಚಿ ಬಂದಿತು, ಬೆಲೆಯೂ ಬಂದಿತು: 7,38,000 ರೂಪಾಯಿ. ಬೀದರಿಗಿಂತ 24,000 ಕಡಿಮೆ! ಅಲ್ಲಿಂದಲೇ ಅಣ್ಣನಿಗೆ ಫೋನು ಮಾಡಿದೆ. ನನ್ನ ದನಿಯಲ್ಲಿ ಸ್ವಲ್ಪ ಹೆಮ್ಮೆ ಇದ್ದಿರಬೇಕು. ಮುಂಗಡ ಕೊಟ್ಟುಬಿಡು ಎಂದು ಅವನೆಂದ. ಜೇಬಿಗೆ ಕೈ ಹಾಕಿದವನು, ಗುಮಾಸ್ತಿಕೆಯ ಅಭ್ಯಾಸಬಲದಿಂದ, "ಇದನ್ನೇ ಬರೆದು ಕೊಡಿ" ಎಂದು ಕೇಳಿದೆ.

ಬರೆದ ಚೀಟಿ ಬೇರೆ ಭಾಷೆಯನ್ನೇ ಆಡಿತು. 7,38,000 ಬರಿಯ ಯಂತ್ರಕ್ಕೆ. ವಿಮೆ 18,500. ಮೇಲಿನ ಟಾಪು, ಮುಂದಿನ ಬಂಪರು, ಹಿಂದಿನ ಹುಕ್ಕು ಸೇರಿ 16,500. ನಿರ್ವಹಣಾ ವೆಚ್ಚವೆಂದು 8,000. ತಾತ್ಕಾಲಿಕ ನೋಂದಣಿಗೆ 2,500. ಯಂತ್ರವನ್ನು ಊರಿಗೆ ತಲುಪಿಸಲು 4,500. ಅಣ್ಣನ ವಾಸ ಕರ್ನಾಟಕದಲ್ಲಿ, ಯಂತ್ರ ಇರುವುದೂ ಅಲ್ಲಿಯೇ. ಮೋಟಾರು ವಾಹನ ಕಾಯದೆಯ ಮೇರೆಗೆ ಕಾಯಂ ನೋಂದಣಿಯನ್ನು ಅಲ್ಲಿಯ ಕಚೇರಿಯಲ್ಲಿಯೇ ಮಾಡಿಸಬೇಕು. ಅದರ ಓಡಾಟವೆಲ್ಲ ಸೇರಿ 9,000. ಒಟ್ಟು 7,97,000.

ಬೀದರಿನ ಚೀಟಿಯನ್ನು ಅಣ್ಣನಿಂದ ಫೋನಿನಲ್ಲಿ ತರಿಸಿ ನೋಡಿದೆ. ಅಲ್ಲಿಯ 7,62,000ದಲ್ಲಿ ಯಂತ್ರದ ಪಾಲು 7,28,000, ವಿಮೆ 18,000, ಟಾಪು ಬಂಪರುಗಳಿಗೆ 16,000. ಅದರ ಮೇಲೆ ನೋಂದಣಿ 9,000, ಕಾಗದಪತ್ರದ ಖರ್ಚು 4,000. ಊರಿಗೆ ತಲುಪಿಸುವುದು ಅವರದೇ ಜವಾಬ್ದಾರಿ. ಒಟ್ಟು 7,75,000. ಅಗ್ಗವೆಂದು ನಾನು ಕುಣಿದಾಡಿದ ಯಂತ್ರ ನಿಜಕ್ಕೂ 22,000 ತುಟ್ಟಿ! ಮುಂಗಡ ಕೊಟ್ಟಿದ್ದರೆ, ಅಣ್ಣನ ಹಣವನ್ನೂ ಮಗಳ ಠೇವಣಿಯನ್ನೂ ನನ್ನ ಕೈಯಾರೆ ಕಳೆದಂತಾಗುತ್ತಿತ್ತು.

ವ್ಯಾಪಾರಿಯ ಪಕ್ಷ

ಹಾಗೆಂದು ವ್ಯಾಪಾರಿಗಳೆಲ್ಲ ಕಳ್ಳರೆಂದು ಹೇಳಿದರೆ ಅನ್ಯಾಯವಾದೀತು. ಅಂಗಳದಲ್ಲಿ ನಿಂತ ಒಂದೊಂದು ಯಂತ್ರಕ್ಕೂ ಅವನು ಬಡ್ಡಿ ತೆರುತ್ತಿರುತ್ತಾನೆ. ಮೆಕ್ಯಾನಿಕನ ಸಂಬಳ, ಬಿಡಿಭಾಗಗಳ ದಾಸ್ತಾನು, ಹಳ್ಳಿಯಲ್ಲಿ ಗಿರಾಕಿಯನ್ನು ತೋರಿಸಿಕೊಟ್ಟ ದಲ್ಲಾಳಿಯ ಪಾಲು, ಎಲ್ಲವೂ ಅವನ ಲಾಭದಿಂದಲೇ ಹೋಗಬೇಕು. ಒಂದು ತಾಲೂಕಿನಲ್ಲಿ ನಾಲ್ಕು ಕಂಪನಿಗಳ ಅಂಗಡಿಗಳಿದ್ದರೆ ಚೌಕಾಶಿಗೆ ಎಡೆಯುಂಟು. ಒಬ್ಬನೇ ಇದ್ದರೆ ಅವನು ಹೇಳಿದ್ದೇ ಬೆಲೆ. ತಿಂಗಳ ಕೊನೆಗೆ, ಮಾರ್ಚಿನಲ್ಲಿ, ಕಂಪನಿ ಗೊತ್ತುಪಡಿಸಿದ ಗುರಿ ಮುಟ್ಟಬೇಕಾದಾಗ ಅದೇ ವ್ಯಾಪಾರಿ ಉದಾರಿಯಾಗುತ್ತಾನೆ. ಬಿತ್ತನೆಯ ಆತುರದಲ್ಲಿ ರೈತ ಬಂದಾಗ ಅವನ ಕೈ ಬಿಗಿಯಾಗುತ್ತದೆ.

ಇನ್ನೊಂದು ಮಾತು. ಹೆಸರು ಒಂದೇ ಇದ್ದ ಮಾತ್ರಕ್ಕೆ ಯಂತ್ರ ಒಂದೇ ಅಲ್ಲ. ತುಂಗಭದ್ರೆಯ ನೀರಿನ ಭತ್ತದ ಗದ್ದೆಗೆ ನಾಲ್ಕು ಚಕ್ರಕ್ಕೂ ಎಳೆತವಿರುವ ಯಂತ್ರ ಬೇಡುವವರು ಹೆಚ್ಚು. ನಮ್ಮ ಒಣಬೇಸಾಯದ ಎರೆಹೊಲಕ್ಕೆ ಬಹುಮಂದಿ ಎರಡು ಚಕ್ರದ ಎಳೆತದಲ್ಲಿಯೇ ತೃಪ್ತರು. ಟಾಯರಿನ ಅಳತೆ, ಸ್ಟಿಯರಿಂಗು, ಬ್ರೇಕು ಇವುಗಳಿಂದಲೂ ಬೆಲೆ ಏರಿಳಿಯುತ್ತದೆ. ಇವನ್ನೆಲ್ಲ ಸರಿಗಟ್ಟಿ ನೋಡದೆ ಎರಡು ಊರಿನ ಬೆಲೆಯನ್ನು ಹೋಲಿಸುವುದು ಸಲ್ಲದು.

ಹಸಿಯೂ ತೆರಿಗೆಯೂ

ಅಷ್ಟರಲ್ಲಿ ಹೊಸ ಸುದ್ದಿ ಬಂದಿತು. 2025ರ ಸೆಪ್ಟೆಂಬರ 3ರಂದು ಜಿ.ಎಸ್.ಟಿ. ಮಂಡಳಿ ಟ್ರ್ಯಾಕ್ಟರಿನ ತೆರಿಗೆಯನ್ನು 12ರಿಂದ 5ಕ್ಕೆ ಇಳಿಸಲು ನಿರ್ಧರಿಸಿತು. ಜಾರಿಗೆ ಬರುವುದು 22ರಿಂದ, ನವರಾತ್ರಿಯ ಮೊದಲ ದಿನ. 35 ಅಶ್ವಶಕ್ತಿಯ ಯಂತ್ರಕ್ಕೆ 41,000, 75ರದಕ್ಕೆ 63,000 ರೂಪಾಯಿಯಷ್ಟು ಇಳಿಯುವುದೆಂದು ಕೇಂದ್ರ ಕೃಷಿ ಸಚಿವ ಶಿವರಾಜ ಸಿಂಗ್ ಚೌಹಾಣರು ಹೇಳಿದರು. ನಮ್ಮ ಲೆಕ್ಕ ಹೀಗೆ: 7,28,000ದಲ್ಲಿ ಮೂಲಬೆಲೆ 6,50,000, ತೆರಿಗೆ 78,000. ಶೇಕಡಾ 5ರಂತೆ ತೆರಿಗೆ 32,500. ಉಳಿತಾಯ 45,500. ಬಿಲ್ಲು 22ರ ತರುವಾಯವೇ ಆಗಲೆಂದು ಅಣ್ಣನಿಗೆ ಹೇಳಿದೆ.

ಇಲ್ಲಿಯೇ ನಮ್ಮಿಬ್ಬರಲ್ಲಿ ಮುನಿಸು ಬಂದದ್ದು. ಆ ವರ್ಷ ಬೀದರ, ಕಲಬುರಗಿ ಸೀಮೆಯಲ್ಲಿ ಅತಿವೃಷ್ಟಿ. ನಮ್ಮ ಉದ್ದು, ಹೆಸರು ಹೊಲದಲ್ಲಿಯೇ ಕೊಳೆತುಹೋದವು. ಕೈಯಲ್ಲಿದ್ದ ಹಣ ಕರಗಿತು. ಇನ್ನು ಹಿಂಗಾರಿಯ ಜೋಳ, ಕಡಲೆಯೇ ಗತಿ. ಮಳೆ ಬಿಟ್ಟ ಕೂಡಲೆ ಹದ ನೋಡಿ ಬಿತ್ತಬೇಕು.

"ನೀ ಹೈದರಾಬಾದಿನಾಗ ಕೂತು ಲೆಕ್ಕಾ ಮಾಡ್ತಿ. ಇಲ್ಲಿ ಹೊಲದಾಗ ಹಸಿ ಆರ್ತದ. ಹಸಿ ನಿನ್ನ ಇಪ್ಪತ್ತೆರಡನೇ ತಾರೀಖು ಕಾಯ್ತದೇನು?" ಎಂದ ಅಣ್ಣ ಎರಡು ದಿನ ಫೋನು ಎತ್ತಲಿಲ್ಲ. ವೈನಿಯೇ ಎತ್ತಿ, "ಸಿಟ್ಟಿನಾಗ ಹಾರ, ತಣ್ಣಗಾಗ್ತಾರ ಬಿಡ್ರಿ" ಎಂದರು. ಅಣ್ಣನ ಮಾತು ತಪ್ಪೆಂದು ನಾನು ಇಂದಿಗೂ ಹೇಳಲಾರೆ. ಕಾಗದದ ಉಳಿತಾಯಕ್ಕಾಗಿ ಬಿತ್ತನೆ ತಪ್ಪಿದರೆ ಅಂಥ ಉಳಿತಾಯ ಸುಡಲಿ. ಕೊನೆಗೆ ಮೊದಲು ಹದಕ್ಕೆ ಬಂದ ನಾಲ್ಕು ಎಕರೆಯನ್ನು ಬಾಡಿಗೆಯ ಯಂತ್ರದಿಂದ ಬಿತ್ತುವುದೆಂದೂ ಆ ಬಾಡಿಗೆ ನನ್ನದೆಂದೂ ತೀರ್ಮಾನವಾಯಿತು. 5,200 ರೂಪಾಯಿ ಕಳಿಸಿದೆ.

22ರ ತರುವಾಯ ಬೀದರಿನ ವ್ಯಾಪಾರಿ ಹೊಸ ಚೀಟಿ ಕೊಟ್ಟ. ಯಂತ್ರಕ್ಕೆ 6,92,500. ಇಳಿದದ್ದು 35,500 ಮಾತ್ರ. ತೆರಿಗೆ ಕಳೆದು ನೋಡಿದರೆ ಮೂಲಬೆಲೆ 6,59,500ರ ಮೇಲೆ ಹೋಗಿದೆ. ಅಂದರೆ ಸರ್ಕಾರ ಬಿಟ್ಟುಕೊಟ್ಟದ್ದರಲ್ಲಿ 10,000 ದಾರಿಯಲ್ಲಿಯೇ ಉಳಿದಿದೆ! ಅಣ್ಣ ಜಗಳವಾಡಲಿಲ್ಲ. ನೆರೆಯ ತಾಲೂಕಿನಲ್ಲಿದ್ದ ಅದೇ ಕಂಪನಿಯ ಇನ್ನೊಬ್ಬ ವ್ಯಾಪಾರಿಯಿಂದ ಬರೆದ ಚೀಟಿ ತಂದು ಮೇಜಿನ ಮೇಲಿಟ್ಟ. ಅರ್ಧ ಗಂಟೆಯಲ್ಲಿ 6,82,500ಕ್ಕೆ ಒಪ್ಪಿಗೆಯಾಯಿತು. ಎಲ್ಲ ಸೇರಿ 7,29,500.

ಬಡ್ಡಿಯೆಂಬ ಗುಪ್ತ ಬೆಲೆ

ಬೆಲೆಯ ಮಾತು ಮುಗಿಯಿತೆಂದುಕೊಂಡರೆ ಸಾಲದ ಮಾತು ಉಳಿದಿತ್ತು. ಐದು ಲಕ್ಷ ಸಾಲ, ಐದು ವರ್ಷ. ಅಂಗಡಿಯಲ್ಲಿಯೇ ಕುಳಿತ ಸಾಲದವರು "ಒಂಬತ್ತೇ ಪರ್ಸೆಂಟ್" ಎಂದರು. ಆದರೆ ಅದು ಇಡೀ ಐದು ಲಕ್ಷದ ಮೇಲೆ ಐದು ವರ್ಷವೂ ನಡೆಯುವ ಬಡ್ಡಿ: ಒಟ್ಟು 2,25,000. ಅಸಲು ತೀರಿದಂತೆ ಬಡ್ಡಿಯೂ ಇಳಿಯುವ ಕ್ರಮದಲ್ಲಿ, ಅದೇ ಒಂಬತ್ತರಂತೆ ತಿಂಗಳ ಕಂತು ಕಟ್ಟಿದರೆ ಬಡ್ಡಿ ಸುಮಾರು 1,22,750. ವ್ಯತ್ಯಾಸ ಲಕ್ಷಕ್ಕೂ ಮೇಲೆ! ಎರಡು ರಾಜ್ಯಗಳ ಬೆಲೆಯ ಅಂತರಕ್ಕಾಗಿ ಬಸ್ಸು ಹತ್ತಿಳಿದ ನಾವು ಈ ಅಂತರವನ್ನು ಕೇಳದೆಯೇ ಸಹಿ ಹಾಕುವವರಿದ್ದೆವು. ಅಣ್ಣ ಎರಡು ದಿನ ಬ್ಯಾಂಕಿಗೆ ಅಲೆದು, ಇಳಿಯುವ ಬಡ್ಡಿಯ ಸಾಲವನ್ನೇ ಪಡೆದ.

ಮಹಾನವಮಿಯ ದಿನ, ಅಕ್ಟೋಬರ 1ರಂದು, ಯಂತ್ರ ಮನೆಗೆ ಬಂದಿತು. ವೈನಿ ಕುಂಕುಮ ಹಚ್ಚಿ ಚಕ್ರದಡಿ ನಿಂಬೆಹಣ್ಣಿಟ್ಟರು. ಉಳಿದ ಹೊಲವನ್ನು ಅದರಿಂದಲೇ ಬಿತ್ತಿದರು. ಮಾಘಮಾಸದಲ್ಲಿ ಹಿಂದಿನ ಲಿಫ್ಟು ಏಳದೆ ನಿಂತಾಗ ಬೆಳಿಗ್ಗೆ ಹೇಳಿದ್ದಕ್ಕೆ ಮಧ್ಯಾಹ್ನ ಮೆಕ್ಯಾನಿಕ್ ಬಂದು ಸರಿಮಾಡಿ ಹೋದ. ಅಗ್ಗದ ಆಸೆಗೆ ಗಡಿಯಾಚೆ ಕೊಂಡಿದ್ದರೆ ಅಷ್ಟು ದೂರದಿಂದ ಅವನನ್ನು ಕರೆಸುವುದೇ ಒಂದು ಕಷ್ಟವಾಗುತ್ತಿತ್ತು.

ಊರಿಗೆ ಬೆಲೆ ವಿಚಾರಿಸಿ ಹೇಳುವ ಸಂಘದ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೇ. ಬಾಯಿಮಾತಿನ ಬೆಲೆಯನ್ನು ಫೋನಿನಲ್ಲಿ ಹೇಳಬೇಡಿ. ಮನೆಯ ಅಂಗಳಕ್ಕೆ ಬಂದು ನಿಲ್ಲುವವರೆಗಿನ ಬೆಲೆಯನ್ನು, ಒಂದೊಂದು ಬಾಬನ್ನೂ ಬೇರೆ ಬೇರೆಯಾಗಿ, ಬರೆಸಿಕೊಳ್ಳಿ. ಮೂಲಬೆಲೆ ಎಷ್ಟು, ತೆರಿಗೆ ಎಷ್ಟು ಎಂದು ಕೇಳಿ. ಎರಡು ಕಡೆಯ ಚೀಟಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ವಿಮೆಯನ್ನು ಅಂಗಡಿಯವನು ತೋರಿಸಿದಲ್ಲಿಯೇ ಮಾಡಿಸಬೇಕೆಂಬ ಕಟ್ಟಳೆಯಿಲ್ಲ. ಬಡ್ಡಿ ಇಳಿಯುವುದೋ ಇಳಿಯದೋ ಎಂದು ತಿಳಿದ ಮೇಲೆಯೇ ಸಹಿಮಾಡಿ. ಹೊಲ ಸಣ್ಣದಾಗಿದ್ದರೆ, ಕೊಳ್ಳುವುದೇ ಬೇಕೆ, ಬಾಡಿಗೆಯೇ ಸಾಕೆ ಎಂಬುದನ್ನೂ ಮನೆಯವರೆಲ್ಲ ಕೂಡಿ ಯೋಚಿಸಿ.

ಸಂಕ್ರಾಂತಿಗೆ ಊರಿಗೆ ಹೋದಾಗ ಅಣ್ಣ ನನ್ನ ಮಗಳನ್ನು ಟ್ರ್ಯಾಕ್ಟರಿನ ಮೇಲೆ ಕೂರಿಸಿಕೊಂಡು ಜೋಳದ ಹೊಲದ ಬದುವಿನವರೆಗೆ ಕರೆದೊಯ್ದ. ತಿರುಗಿ ಬಂದವನು, "ಇದರಾಗ ನಿಂದೂ ಪಾಲದವ್ವಾ" ಎಂದು ಅವಳಿಗೆ ಹೇಳಿದ. ಬಾಡಿಗೆಗೆ ನಾನು ಕಳಿಸಿದ್ದ 5,200 ರೂಪಾಯಿಯನ್ನು ಹೊರಡುವಾಗ ವೈನಿ ಒಂದು ಚೀಲ ಕಡಲೆಯ ಮೇಲಿಟ್ಟು ಕೊಟ್ಟರು. ಹಣವನ್ನು ಅಲ್ಲಿಯೇ ಬಿಟ್ಟು, ಕಡಲೆಯನ್ನು ಮಾತ್ರ ತೆಗೆದುಕೊಂಡು ಬಂದೆ.