ಐದು ಕೆ.ಜಿ. ವಿಮಾನಕ್ಕೊಂದು ಕ್ಯಾಟರ್‌ಬಿಲ್ಲು

ಬೆಂಗಳೂರಿನ ವರ್ತೂರಿನಲ್ಲಿ ನಿಂತು ತಲೆಯೆತ್ತಿದರೆ ಎಚ್‌ಎಎಲ್ ಕಡೆಯ ವಿಮಾನವೋ ಹೆಲಿಕಾಪ್ಟರೋ ಈಗಲೂ ಕಣ್ಣಿಗೆ ಬೀಳುತ್ತದೆ. ಇಲ್ಲಿನವರಿಗೆ ಹಾರಾಟದ ಹುಚ್ಚು ಹಿಡಿದರೆ ಅದೇನೂ ಅಚ್ಚರಿಯಲ್ಲ. ಥರ್ಮೋಕೋಲ್ ಗ್ಲೈಡರಿನಿಂದ ಶುರುವಾದ ಹುಚ್ಚು ಕ್ಯಾಮೆರಾ, ಜಿಪಿಎಸ್, ದೊಡ್ಡ ಬ್ಯಾಟರಿ ಅಂತ ಬೆಳೆದು ರೆಕ್ಕೆಯ ಡ್ರೋನ್ ಐದು ಕೆ.ಜಿ. ಮುಟ್ಟಿದ ದಿನ ಪೀಕಲಾಟ ಶುರು: ಇದನ್ನು ಮೇಲೇರಿಸುವುದು ಹೇಗೆ?

ನಾಲ್ಕು ಫ್ಯಾನಿನ ಡ್ರೋನ್ ನಿಂತಲ್ಲೇ ಎದ್ದು ಹೋಗುತ್ತದೆ. ರೆಕ್ಕೆಯದಕ್ಕೆ ಮೊದಲು ವೇಗ ಬೇಕು. ಒಂದು ಕೆ.ಜಿ.ಯದಾದರೆ ನಾಲ್ಕು ಹೆಜ್ಜೆ ಓಡಿ ಕೈಯಿಂದ ಎಸೆಯಬಹುದು. ಐದು ಕೆ.ಜಿ.ಯದನ್ನು ಹಾಗೆ ಎಸೆದರೆ ಭುಜ ಹಿಡಿದುಕೊಳ್ಳುತ್ತದೆ, ವಿಮಾನ ಮಣ್ಣು ಮುಕ್ಕುತ್ತದೆ. ಪ್ರೊಪೆಲ್ಲರ್ ಹಿಂದಿದ್ದರೆ ಬೆರಳೂ ಹೋದೀತು. ಚಕ್ರ ಹಾಕೋಣವೆಂದರೆ ರಾಗಿ ಹೊಲದ ಹೆಂಟೆಗಳ ಮೇಲೆ ಅದು ಓಡುವ ಮಾತಲ್ಲ.

ಉಳಿದದ್ದು ಚಿಕ್ಕಂದಿನ ಕ್ಯಾಟರ್‌ಬಿಲ್ಲು, ದೊಡ್ಡ ಅಳತೆಯಲ್ಲಿ. ಗಾಳಿ ಬರುವ ದಿಕ್ಕಿನಲ್ಲಿ ಕಬ್ಬಿಣದ ಗೂಟ, ಅದಕ್ಕೆ ರಬ್ಬರ್ ಟ್ಯೂಬು, ಅದರ ತುದಿಗೆ ನೈಲಾನ್ ಹಗ್ಗ, ಹಗ್ಗದ ಉಂಗುರ ವಿಮಾನದ ಹೊಟ್ಟೆಯ ಕೊಕ್ಕೆಗೆ. ಕೊಕ್ಕೆ ಗುರುತ್ವ ಕೇಂದ್ರಕ್ಕಿಂತ ತುಸು ಮುಂದಿರಬೇಕು. ಪೈಪಿನ ಓರೆ ಹಳಿಯ ಮೇಲೆ ವಿಮಾನ ಕೂರಿಸಿ, ಚಿಲಕ ಹಾಕಿ, ಕಾಲಿಂದ ಪೆಡಲ್ ತುಳಿದರೆ ‘ಸುಂಯ್’. ಮೋಟಾರು ಆಗಿನ್ನೂ ಸುಮ್ಮನಿರುತ್ತದೆ. ಆಟೊಪೈಲಟ್ ಆ ಎಳೆತವನ್ನು ಗ್ರಹಿಸಿದ ಮೇಲಷ್ಟೇ ಅದನ್ನು ತಿರುಗಿಸುತ್ತದೆ.

ಲೆಕ್ಕ ನೋಡಿ. ಐದು ಕೆ.ಜಿ.ಯನ್ನು ಸೆಕೆಂಡಿಗೆ 15 ಮೀಟರ್ ವೇಗಕ್ಕೆ ತರಲು ಬೇಕಾದ್ದು ಸುಮಾರು 560 ಜೂಲ್, ಅಂದರೆ ಅದನ್ನು ಮೂರ್ನಾಲ್ಕು ಮಹಡಿ ಎತ್ತರಕ್ಕೆ ಹೊತ್ತಷ್ಟು ಕೆಲಸ. ರಬ್ಬರು 10 ಮೀಟರ್ ಎಳೆದರೆ ಸರಾಸರಿ ಆರು ಕೆ.ಜಿ. ಎಳೆತ ಸಾಕು. ಆದರೆ ಕುಗ್ಗುತ್ತ ಹೋದಂತೆ ರಬ್ಬರಿನ ಕಸುವು ಇಳಿಯುವುದರಿಂದ ಆರಂಭದಲ್ಲಿ ಅದರ ಎರಡರಷ್ಟು, ಹನ್ನೆರಡು ಕೆ.ಜಿ.ಗೂ ಮಿಕ್ಕಿ, ಬಿಗಿಯಬೇಕು. ಲಗೇಜು ತೂಗುವ ಕೊಕ್ಕೆ ತಕ್ಕಡಿಯಲ್ಲಿ ಇದನ್ನು ಅಳೆಯಬಹುದು. ನನಗೆ ಭಯವೆಂದರೆ ಗೂಟದ್ದು. ಮಳೆ ಬಿದ್ದ ಮೆತ್ತನೆ ನೆಲದಲ್ಲಿ ಅದು ಕಿತ್ತರೆ ನೇರ ನಮ್ಮ ಕಡೆಗೇ ಹಾರಿ ಬರುತ್ತದೆ. ಎರಡು ಗೂಟ ಹೊಡೆಯಿರಿ, ಹಗ್ಗದ ಸಾಲಿನಲ್ಲಿ ಯಾರನ್ನೂ ನಿಲ್ಲಿಸಬೇಡಿ.

ಇದರ ದೊಡ್ಡಣ್ಣನೂ ಬೆಂಗಳೂರಿನವನೇ. ಸಿ.ವಿ. ರಾಮನ್ ನಗರದಲ್ಲಿರುವ ಡಿಆರ್‌ಡಿಒದ ಪ್ರಯೋಗಾಲಯ ಎಡಿಇ ರೂಪಿಸಿದ ‘ನಿಶಾಂತ್’ ಡ್ರೋನ್ ಸುಮಾರು 380 ಕೆ.ಜಿ. ತೂಗುತ್ತಿತ್ತು. ಅದಕ್ಕೆ ರಬ್ಬರು ಎಲ್ಲಿ ಸಾಕು! ಲಾರಿಯ ಮೇಲಿನ ಹೈಡ್ರೋ-ನ್ಯೂಮ್ಯಾಟಿಕ್ ಹಳಿಯಿಂದ ಚಿಮ್ಮಿ, ಕೆಲಸ ಮುಗಿಸಿ ಪ್ಯಾರಾಚೂಟಿನಲ್ಲಿ ಇಳಿಯುತ್ತಿತ್ತು. ದೇಶದಲ್ಲೇ ತಯಾರಾದ ವ್ಯಾಂಕೆಲ್ ಎಂಜಿನ್ನಿನೊಂದಿಗೆ ಅದು 2009ರಲ್ಲಿ ಹಾರಿದ್ದು ಕೋಲಾರದ ಬಳಿ.

ವರ್ತೂರಿನಲ್ಲೇ ಹಾರಿಸೋಣವೆಂದರೆ ಪಕ್ಕದಲ್ಲಿ ಎಚ್‌ಎಎಲ್ ರನ್‌ವೇ. ತಪ್ಪಿ ವರ್ತೂರು ಕೆರೆಗೆ ಬಿದ್ದರಂತೂ ವಿಮಾನದ ಆಸೆ ಬಿಟ್ಟಂತೆ. 2021ರ ಡ್ರೋನ್ ನಿಯಮಗಳ ಪ್ರಕಾರ 2 ಕೆ.ಜಿ. ದಾಟಿದ್ದು ‘ಸ್ಮಾಲ್’ ವರ್ಗ. ಯಂತ್ರಕ್ಕೆ ನೋಂದಣಿ, ಹಾರಿಸುವವರಿಗೆ ಪೈಲಟ್ ಪ್ರಮಾಣಪತ್ರ ಎರಡೂ ಬೇಕು. ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಹಸಿರು ತೋರುವ ಬಯಲು ಹುಡುಕಿ ಊರಾಚೆ ಹೋಗಬೇಕು. ಬಿಸಿಲೇರುವ ಮುನ್ನ ಹಾರಿಸಿ, ರಬ್ಬರಿನ ಮಣ್ಣು ತೊಳೆದು ಒಣಗಿಸಿ, ಮಗುವಿಗೆ ಹಚ್ಚುವ ಪೌಡರನ್ನೇ ಅದಕ್ಕೂ ಸವರಿ, ಸುತ್ತಿ ಚೀಲಕ್ಕೆ ಹಾಕಿದರೆ ಮುಂದಿನ ಭಾನುವಾರಕ್ಕೂ ಬಂದೀತು.