ವಸ್ತುಪ್ರದರ್ಶನದ ಜಾಲತಾಣ: ಮಳಿಗೆ ಹಿಡಿಯುವವರಿಗೆ ಬೇಕಾದದ್ದೇನು?

ವಸ್ತುಪ್ರದರ್ಶನ, ವ್ಯಾಪಾರ ಮೇಳ ಮೊದಲಾದ ಕಾರ್ಯಕ್ರಮಗಳಿಗೆಂದೇ ಜಾಲತಾಣವೊಂದನ್ನು ರೂಪಿಸುವುದು ಈಗ ವಾಡಿಕೆಯಾಗಿದೆ. ಅವುಗಳಲ್ಲಿ ಹೆಚ್ಚಿನವು ಆಮಂತ್ರಣ ಪತ್ರಿಕೆಯ ಇನ್ನೊಂದು ರೂಪವಷ್ಟೆ: ಗಣ್ಯರ ಭಾವಚಿತ್ರ, ಉದ್ಘಾಟನೆಯ ವೇಳೆ, ಪ್ರಾಯೋಜಕರ ಲಾಂಛನ. ಹಣ ತೆತ್ತು ಮಳಿಗೆ ಹಿಡಿಯುವ ಸಣ್ಣ ಉತ್ಪಾದಕರಿಗೆ ಬೇಕಾದ ಮಾಹಿತಿ ಅಲ್ಲಿ ದೊರೆಯುವುದು ಅಪರೂಪ. ಈ ಕೊರತೆಯ ಬೆಲೆ ಕೊನೆಗೆ ಲೆಕ್ಕಪುಸ್ತಕದಲ್ಲಿ ಕಾಣಿಸಿಕೊಳ್ಳುವುದರಿಂದಲೇ ಲೆಕ್ಕಪರಿಶೋಧಕನಾದ ನಾನು ಈ ವಿಷಯವನ್ನು ಕೈಗೆತ್ತಿಕೊಂಡಿದ್ದೇನೆ.

ಚನ್ನಪಟ್ಟಣದ ನನ್ನ ಕಕ್ಷಿದಾರರೊಬ್ಬರು ಕೆಲವು ವರ್ಷಗಳ ಹಿಂದೆ ಬೇಡಿಕೆ ಪಡೆಯುವ ಉದ್ದೇಶದಿಂದ ಹೊರರಾಜ್ಯದ ಮೇಳವೊಂದರಲ್ಲಿ ಮಳಿಗೆ ಪಡೆದರು. ಶುಲ್ಕ 80,000 ರೂ.; ಅದರ ಮೇಲೆ ಶೇ. 18ರಂತೆ ಜಿಎಸ್‌ಟಿ 14,400 ರೂ. ಜಾಲತಾಣದ ನಮೂನೆಯಲ್ಲಿ ಹೆಸರು, ಮೊಬೈಲ್ ಸಂಖ್ಯೆ, ಮಳಿಗೆಯ ಅಳತೆ ಕೇಳಿದ್ದರು. ಜಿಎಸ್‌ಟಿ ಸಂಖ್ಯೆಗೆ ಅಂಕಣವೇ ಇರಲಿಲ್ಲ. ಪ್ರದರ್ಶನವನ್ನು ಸಂಘಟಿಸುವ ಸೇವೆ ನೋಂದಾಯಿತ ವ್ಯಾಪಾರಿಗೆ ಸಂದರೆ ಪೂರೈಕೆಯ ಸ್ಥಳ ಆ ವ್ಯಾಪಾರಿಯ ಸ್ಥಳವೇ ಆಗುತ್ತದೆ. ನೋಂದಣಿಯಿಲ್ಲದವರಿಗೆ ಸಂದರೆ ಪ್ರದರ್ಶನ ನಡೆಯುವ ಸ್ಥಳ. ಸಂಖ್ಯೆಯಿಲ್ಲದ ಕಾರಣ ಬಿಲ್ಲು ಎರಡನೆಯ ರೀತಿಯಲ್ಲಿ, ಆ ರಾಜ್ಯದ ತೆರಿಗೆಯೊಂದಿಗೆ ಬಂದಿತು. ಹೂಡುವಳಿ ತೆರಿಗೆ ಜಮೆ ದೊರೆಯಲಿಲ್ಲ. ತಿದ್ದುಪಡಿಗೆಂದು ಹುಡುಕಿದಾಗ ಜಾಲತಾಣವೇ ಮುಚ್ಚಿಹೋಗಿತ್ತು. ಒಂದು ಅಂಕಣದ ಅಭಾವಕ್ಕೆ 14,400 ರೂ. ತೆರುವುದು ಸಣ್ಣ ಉದ್ಯಮಕ್ಕೆ ಅಲ್ಪ ಮೊತ್ತವೇನಲ್ಲ.

ಆದುದರಿಂದ ನೋಂದಣಿ ನಮೂನೆಯಲ್ಲಿ ಜಿಎಸ್‌ಟಿ ಸಂಖ್ಯೆ, ನೋಂದಣಿ ಪತ್ರದಲ್ಲಿರುವಂತೆಯೇ ಸಂಸ್ಥೆಯ ಹೆಸರು ಮತ್ತು ವಿಳಾಸ ಕೇಳತಕ್ಕದ್ದು. ಹಣ ಸಂದಾಯವಾದೊಡನೆ ಬಿಲ್ಲಿನ ಪ್ರತಿ ಇಳಿಸಿಕೊಳ್ಳಲು ದೊರೆಯಬೇಕು. ನಮ್ಮ ಭಾಗದವರಿಗೆ ಇನ್ನೊಂದು ತೊಡಕುಂಟು. 2007ರಲ್ಲಿ ರಚನೆಯಾದ ರಾಮನಗರ ಜಿಲ್ಲೆಯನ್ನು ರಾಜ್ಯ ಸರ್ಕಾರ 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಮರುನಾಮಕರಣ ಮಾಡಿತು. ಜಿಲ್ಲೆಗಳ ಪಟ್ಟಿಯಲ್ಲಿ ಎರಡೂ ಹೆಸರುಗಳಿರದಿದ್ದರೆ ಮಾಗಡಿಯ ವರ್ತಕರು ತಮ್ಮ ಜಿಲ್ಲೆಯನ್ನೇ ಹುಡುಕುತ್ತ ಕೂರಬೇಕಾದೀತು!

ಮಳಿಗೆಯಲ್ಲೇ ಮಾರಾಟ ನಡೆಸುವವರಿಗೆ ಪ್ರತ್ಯೇಕ ಪುಟವೊಂದು ಅವಶ್ಯ. ಹೊರರಾಜ್ಯದಲ್ಲಿ ಮಾರುವವರು ಅಲ್ಲಿ ಸಾಂದರ್ಭಿಕ ತೆರಿಗೆದಾರರಾಗಿ ನೋಂದಾಯಿಸಿಕೊಳ್ಳಬೇಕು. ವ್ಯಾಪಾರ ಆರಂಭಕ್ಕೆ ಕನಿಷ್ಠ 5 ದಿನ ಮೊದಲು ಅರ್ಜಿ ಸಲ್ಲಿಸಿ, ಅಂದಾಜು ತೆರಿಗೆಯನ್ನು ಮುಂಗಡವಾಗಿ ಕಟ್ಟಬೇಕು. ಅಧಿಸೂಚಿತ ಕರಕುಶಲ ವಸ್ತುಗಳನ್ನು ಮಾರುವ ಸಣ್ಣ ವ್ಯಾಪಾರಿಗಳಿಗೆ ವಹಿವಾಟಿನ ಮಿತಿಯೊಳಗೆ ಇದರಿಂದ ವಿನಾಯಿತಿಯಿದೆ. ಆದರೆ ಅವರು ಪಾನ್ ಹೊಂದಿರಬೇಕು. ಸರಕಿನ ಮೌಲ್ಯ 50,000 ರೂ.ಗಿಂತ ಕಡಿಮೆಯಿದ್ದರೂ ಇ-ವೇ ಬಿಲ್ ಪಡೆಯಬೇಕು. ಬೊಂಬೆಗಳ ಪೆಟ್ಟಿಗೆಯನ್ನು ಲಾರಿಗೆ ಏರಿಸಿದ ಮೇಲೆ ಈ ವಿಷಯ ತಿಳಿದು ಪ್ರಯೋಜನವೇನು?

ಇನ್ನು ಖರೀದಿದಾರರ ದೃಷ್ಟಿ. 2021ರ ಫೆಬ್ರವರಿ 27ರಂದು ಆರಂಭವಾದ ಭಾರತ ಆಟಿಕೆ ಮೇಳ ಕೋವಿಡ್ ಕಾರಣದಿಂದ ಅಂತರ್ಜಾಲದಲ್ಲೇ ನಡೆಯಿತು, ಜಾಲತಾಣವೇ ಮೈದಾನ. ಸಾವಿರಕ್ಕೂ ಹೆಚ್ಚು ಮಂದಿ ಪ್ರದರ್ಶಕರಿದ್ದ ಆ ಮೇಳದ ಉದ್ಘಾಟನೆಯಲ್ಲಿ ಪ್ರಧಾನಿಯವರು ಚನ್ನಪಟ್ಟಣದ ಕುಶಲಕರ್ಮಿಗಳೊಡನೆಯೂ ಮಾತನಾಡಿದರು. ಅಷ್ಟು ಮಂದಿಯ ನಡುವೆ ಖರೀದಿದಾರರು ಒಬ್ಬರನ್ನು ಗುರುತಿಸಬೇಕಾದರೆ ಪಟ್ಟಿಯಲ್ಲಿ ಬರಿಯ ಹೆಸರು ಸಾಲದು. ಪ್ರತಿಯೊಬ್ಬ ಪ್ರದರ್ಶಕರಿಗೂ ಒಂದು ಪುಟವಿರಲಿ: ಸರಕಿನ ಚಿತ್ರ, ಕನಿಷ್ಠ ಬೇಡಿಕೆಯ ಪ್ರಮಾಣ, ಪೂರೈಕೆಗೆ ಬೇಕಾಗುವ ದಿನಗಳು, ಮಳಿಗೆಯ ಸಂಖ್ಯೆ.

ಆಯಾ ಉದ್ಯಮದವರು ಕೇಳುವ ಪ್ರಶ್ನೆಗೂ ಆ ಪುಟದಲ್ಲಿ ಉತ್ತರವಿರಬೇಕು. ಆಟಿಕೆಗಳಿಗೆ 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯ. ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿತರಾದ ಕುಶಲಕರ್ಮಿಗಳ ವಸ್ತುಗಳಿಗೆ ಮತ್ತು ಭೌಗೋಳಿಕ ಸೂಚಿಕೆಯ ಅಧಿಕೃತ ಬಳಕೆದಾರರ ವಸ್ತುಗಳಿಗೆ ವಿನಾಯಿತಿಯುಂಟು. ಆಲೆ ಮರದ ಅರಗಿನ ಬೊಂಬೆ ತಯಾರಕರು ತಾವು ಯಾವ ವರ್ಗಕ್ಕೆ ಸೇರಿದವರೆಂದು ನಮೂದಿಸಿದರೆ ಹೊರಊರಿನ ಸಗಟು ವ್ಯಾಪಾರಿಯ ಅರ್ಧ ಸಂಶಯ ನೀಗುತ್ತದೆ. ರಾಮನಗರದ ರೇಷ್ಮೆ ನೂಲು ಬಿಚ್ಚುವವರಾದರೆ ನೂಲಿನ ಡೆನಿಯರ್, ಕನಕಪುರದ ಗ್ರಾನೈಟ್ ಉದ್ಯಮಿಗಳಾದರೆ ಕಲ್ಲಿನ ಬಣ್ಣ ಮತ್ತು ಹಲಗೆಯ ಅಳತೆ.

ದಿನಾಂಕ, ಸ್ಥಳ, ಶುಲ್ಕಗಳನ್ನು ಚಿತ್ರವಾಗಿ ಅಂಟಿಸದೆ ಅಕ್ಷರರೂಪದಲ್ಲಿ, ಯೂನಿಕೋಡ್ ಕನ್ನಡದಲ್ಲಿಯೂ ಕೊಡಬೇಕು. ಚಿತ್ರದೊಳಗಿನ ಬರಹ ಹುಡುಕಾಟದಲ್ಲಿ ಸಿಗುವುದು ಕಷ್ಟ, ಮೊಬೈಲ್ ಪರದೆಯಲ್ಲಿ ಓದಲೂ ಬಾರದು.

ಕೊನೆಯದಾಗಿ, ಜಾಲತಾಣದ ವಿಳಾಸ ಸಂಘದ ಹೆಸರಿನಲ್ಲೇ ನೋಂದಣಿಯಾಗಿರಲಿ. ವಿನ್ಯಾಸಕಾರರ ಹೆಸರಿನಲ್ಲಿದ್ದರೆ ಮುಂದಿನ ವರ್ಷ ಅವರನ್ನು ಹುಡುಕಬೇಕಾಗುತ್ತದೆ. ಮೇಳ ಮುಗಿದೊಡನೆ ತಾಣವನ್ನು ಮುಚ್ಚುವುದೂ ತರವಲ್ಲ. ಒಂದು ಹಣಕಾಸು ವರ್ಷದ ಬಿಲ್ಲುಗಳ ಮೇಲೆ ತೆರಿಗೆ ಜಮೆ ಪಡೆಯಲು ಸಾಮಾನ್ಯವಾಗಿ ಮುಂದಿನ ನವೆಂಬರ್ 30ರವರೆಗೆ ಅವಕಾಶವಿರುವುದರಿಂದ, ಕನಿಷ್ಠ ಆ ದಿನದವರೆಗಾದರೂ ಬಿಲ್ಲಿನ ಪುಟವೂ ಸಂಪರ್ಕ ಸಂಖ್ಯೆಯೂ ಅಲ್ಲಿ ಉಳಿದಿರಬೇಕು.